ಇಂಗ್ಲಿಷ್ ಹೇಳಿಕೊಡುವಾಗ ನಾವು ಸುಮ್ಮನಿರುವುದು ಹೇಗೆ?

"ಓದಾಕ ಬರ್ತೈತ್ರಿ ಅಕ್ಕಾರ, ಮಾತಾಡಾಕ ಹೋದ್ರ ಬಾಯಿ ಕಟ್ಟತೈತಿ."

ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಬಣ್ಣದ ಗೊಂಬೆ ಮಾಡುವ ಅಣ್ಣ ಮೊದಲ ದಿನ ಹೇಳಿದ ಮಾತಿದು. ನಾನೋ ಗ್ರಾಮರ್ ಪುಸ್ತಕ ಹಿಡಿದು ಹೋಗಿದ್ದೆ! ನಿಮ್ಮ ಹತ್ತಿರ ಕಲಿಯುವ ದೊಡ್ಡವರೂ ಹೀಗೇ ಅಂದರೆ ಪುಸ್ತಕ ಚೀಲದಲ್ಲೇ ಇರಲಿ.

ಮೊದಲು, ಇಂಗ್ಲಿಷ್ ಎಲ್ಲಿ ಬೇಕು ಅಂತ ಕೇಳಿ. "ಎಲ್ಲಾ ಕಡೆ" ಅಂದರೆ ಬಿಡಬೇಡಿ. ಅಣ್ಣನಿಗೆ ಬೇಕಿದ್ದದ್ದು ಮೇಳದ ಸ್ಟಾಲಿನಲ್ಲಿ. ಇದು ಯಾವ ಮರ, ಬಣ್ಣ ಹೋಗುತ್ತಾ, ರೇಟು ಎಷ್ಟು, ಕಮ್ಮಿ ಮಾಡ್ತೀರಾ. ಈ ನಾಲ್ಕು ಪ್ರಶ್ನೆಯೇ ಒಂದು ತಿಂಗಳ ಪಾಠ.

ಆಮೇಲೆ ಅವರ ಕೆಲಸದ ಬಗ್ಗೆಯೇ ಮಾತಾಡಿಸಿ, ಕೆಲಸ ಮಾಡುತ್ತಲೇ. ಕೈ ಓಡುತ್ತಿದ್ದರೆ ನಾಚಿಕೆ ಸ್ವಲ್ಪ ಮರೆಯುತ್ತದೆ. ಅಣ್ಣ ಹುಣಸೆ ಬೀಜದ ಅಂಟು ಕಲಸುತ್ತಾ "ಟ್ಯಾಮರಿಂಡ್ ಸೀಡ್... ಪೇಸ್ಟ್... ಮಿಕ್ಸ್" ಅಂದರು. ಅದಕ್ಕೆ ಮುಂದೆ 'ವಿ' ಸೇರಿಸಿ, 'ಮಿಕ್ಸ್' ಅನ್ನು ಅದರ ಪಕ್ಕಕ್ಕೆ ತಂದರೆ ವಾಕ್ಯ ಸಿದ್ಧ: "ವಿ ಮಿಕ್ಸ್ ಟ್ಯಾಮರಿಂಡ್ ಸೀಡ್ ಪೇಸ್ಟ್." ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿ ನಡುವೆ. ಅಷ್ಟು ಹೇಳಿದರೆ ಸಾಕು.

ಕಷ್ಟ ಇರುವುದು ತಿದ್ದುವುದರಲ್ಲಿ. ಅವರು "ಟುಮಾರೋ ಐ ಕಮ್" ಅಂದರೆ ತಕ್ಷಣ "ತಪ್ಪು" ಅನ್ನಬೇಡಿ. 'ದಿನಾ ಬರ್ತೀನಿ', 'ನಾಳೆ ಬರ್ತೀನಿ' ಎರಡಕ್ಕೂ ಕನ್ನಡದಲ್ಲಿ ಒಂದೇ 'ಬರ್ತೀನಿ' ಇದೆಯಲ್ಲ, ಅದೇ ಇಂಗ್ಲಿಷಿಗೂ ಹೋಗಿದೆ. "ಓ, ಯು ವಿಲ್ ಕಮ್ ಟುಮಾರೋ? ಮಾರ್ನಿಂಗ್?" ಅಂತ ಮಾತು ಮುಂದುವರಿಸಿ. ಸರಿಯಾದದ್ದು ಕಿವಿಗೆ ಬೀಳುತ್ತದೆ, ಮುಖವೂ ಸಣ್ಣದಾಗುವುದಿಲ್ಲ. 'ಇಸ್ಟಾಲ್' ಅಂದರೂ ಬಿಡಿ, ಗಿರಾಕಿಗೆ ಅರ್ಥವಾಗುತ್ತದೆ. ಆದರೆ 'ಫಿಫ್ಟೀನ್', 'ಫಿಫ್ಟಿ' ಕಲಸಿ ಹೋದರೆ ಅಲ್ಲೇ ತಿದ್ದಿ. ದುಡ್ಡಿನ ವಿಷಯ! "ಫೈವ್ ಜೀರೋ" ಅಂತ ಸೇರಿಸಿ ಹೇಳುವ ರೂಢಿ ಮಾಡಿಸಿ.

ಅವರು ಪದಕ್ಕೆ ತಡಕಾಡುವಾಗ ಬಾಯಿಗೆ ಪದ ತುರುಕಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ. ನನ್ನಂಥ ಮಾತಿನಮಲ್ಲಿಗೆ ಇದೇ ದೊಡ್ಡ ಶಿಕ್ಷೆ. ಎಂಟಕ್ಕೋ ಒಂಬತ್ತಕ್ಕೋ ಪದ ಬಂದೇ ಬಿಡುತ್ತದೆ, ಬರದಿದ್ದರೆ ಕೈಸನ್ನೆ ಬರುತ್ತದೆ. ಅದೂ ಮಾತೇ.

ಪಾಠವಿಲ್ಲದ ದಿನ ವಾಟ್ಸಾಪ್‌ನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲು ಹೇಳಿ. ನೀವೂ ಮಾತಿನಲ್ಲೇ ಉತ್ತರಿಸಿ, ಟೈಪ್ ಮಾಡಬೇಡಿ.

ಕೊನೆಗೆ ಚೌಕಾಸಿ ಆಟ. ನೀವೇ ಗಿರಾಕಿಯಾಗಿ, ಸ್ವಲ್ಪ ಜಿಗುಟು ಗಿರಾಕಿ. ಮನೆಯವರೂ ಕೂತು ನೋಡಲಿ, ನಾಲ್ಕು ಜನರ ಮುಂದೆ ಮಾತಾಡುವ ಅಂಜಿಕೆ ಅಲ್ಲೇ ಕಮ್ಮಿಯಾಗುತ್ತದೆ. ನಾನು ಒಂದು ಗಿಳಿ ಎತ್ತಿಕೊಂಡು "ಟೂ ಮಚ್! ಹಾಫ್ ರೇಟ್?" ಅಂದೆ. ಅಣ್ಣ ಗಿಳಿಯನ್ನು ನನ್ನ ಕೈಯಿಂದ ಮೆಲ್ಲಗೆ ವಾಪಸ್ ತಗೊಂಡು, "ಹ್ಯಾಂಡ್ ವರ್ಕ್, ಮೇಡಂ. ನೋ ಹಾಫ್" ಅಂದರು. ಪಾಠ ಮುಗಿದ ಮೇಲೂ ಐದು ರೂಪಾಯಿ ಇಳಿಸಲಿಲ್ಲ.