ಹಲ್ಲು ಮೊದಲಿನ ಹಾಗೆ ಕೂಡ್ತದಾ?

ಮುಖಕ್ಕೆ ಪೆಟ್ಟಾಗಿ ಯಾರೇ ಬರಲಿ, ನಾನು ಮೊದಲು ಉಸಿರು ನೋಡುತ್ತೇನೆ, ಆಮೇಲೆ ರಕ್ತ, ಆಮೇಲೆ ತಲೆ, ಕುತ್ತಿಗೆ. ಅಷ್ಟು ಸರಿ ಇದ್ದರೆ ಕೇಳುವುದು ಒಂದೇ ಪ್ರಶ್ನೆ. "ಬಾಯಿ ಮುಚ್ಚಿ ಕಚ್ಚಿ ನೋಡಿ, ಹಲ್ಲು ಮೊದಲಿನ ಹಾಗೆ ಕೂಡ್ತದಾ?" ಕಾಸರಗೋಡಿನಲ್ಲಿ ಇದನ್ನು ಕನ್ನಡ, ತುಳು, ಮಲಯಾಳ ಮೂರರಲ್ಲೂ ಕೇಳಲು ಕಲಿತಿದ್ದೇನೆ. ಎಕ್ಸ್‌ರೇಗಿಂತ ಮೊದಲೇ ಈ ಉತ್ತರ ಅರ್ಧ ವಿಷಯ ಹೇಳುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಲ್ಲಿಗೆ ಗೊತ್ತಾಗುತ್ತದೆ. ಹಲ್ಲು ಕೂಡುವುದಿಲ್ಲ, ಕೆಳತುಟಿ ಜೋಮು ಹಿಡಿದ ಹಾಗಿದೆ, ನಾಲಿಗೆಯ ಅಡಿಯಲ್ಲಿ ರಕ್ತ ಕಟ್ಟಿದೆ ಎಂದರೆ ದವಡೆ ಮುರಿದಿದೆ ಎಂದೇ ತಿಳಿದು ಮುಂದಿನ ಪರೀಕ್ಷೆ ಮಾಡುತ್ತೇನೆ.

ಈ ಪ್ರಶ್ನೆಯನ್ನು ನಾನು ಒಮ್ಮೆ ಕೇಳದೆ ಬಿಟ್ಟಿದ್ದೆ. ಕೆಲಸಕ್ಕೆ ಸೇರಿದ ಹೊಸತು, ಆಟಿ ತಿಂಗಳ ಮಳೆ. ಏಳು ವರ್ಷದ ಹುಡುಗಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ದು ಗದ್ದ ಒಡೆದುಕೊಂಡಿದ್ದಳು. ಅಳುತ್ತಿದ್ದಳು, ಹೊರಗೆ ಸಾಲು ಉದ್ದ ಇತ್ತು. ಮೂರು ಹೊಲಿಗೆ ಹಾಕಿ ಕಳಿಸಿದೆ. ಗಾಯ ಚೆನ್ನಾಗಿಯೇ ಒಣಗಿತು. ಎಂಟು ತಿಂಗಳು ಕಳೆದು ಅವಳ ಅಮ್ಮ ಬಂದರು. "ಡಾಕ್ಟ್ರೇ, ಇವಳಿಗೆ ಬಾಯಿ ತೆರೆಯಲಿಕ್ಕೇ ಆಗುವುದಿಲ್ಲ, ದೋಸೆ ಮಡಚಿ ಕೊಟ್ಟರೆ ಒಳಗೆ ಹೋಗುವುದಿಲ್ಲ." ನೋಡಿದರೆ ಒಂದು ಬೆರಳು ಹೋಗುವಷ್ಟೇ ಜಾಗ. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳು ಹೋಗಬೇಕು. ಗದ್ದಕ್ಕೆ ಬಿದ್ದ ಪೆಟ್ಟು ದವಡೆಯ ಮೂಳೆಯಲ್ಲೇ ಸಾಗಿ, ಕಿವಿಯ ಮುಂದಿನ ಕೀಲಿನ ಹತ್ತಿರ ಮೂಳೆ ಸಪೂರವಾಗಿರುವಲ್ಲಿ ಮುರಿಯುತ್ತದೆ. ಗಾಯ ಇರುವುದು ಒಂದು ಕಡೆ, ಮುರಿತ ಇನ್ನೊಂದು ಕಡೆ. ನಾನು ಗಾಯ ಮಾತ್ರ ನೋಡಿದ್ದೆ. ಅವಳ ಕೀಲು ಬೆಸೆದುಕೊಂಡಿತ್ತು. ಮಂಗಳೂರಿನಲ್ಲಿ ದೊಡ್ಡ ಆಪರೇಷನ್ ಆಯಿತು. ಅದರ ನಂತರ ಒಂದು ವರ್ಷ ಅವಳು ಬಾಯಿ ತೆರೆಯುವ ವ್ಯಾಯಾಮ ಮಾಡಿದಳು, ಪ್ರತಿ ಸಲ ಅಳುತ್ತಾ.

ಮೊದಲೇ ಗೊತ್ತಾಗಿದ್ದರೆ ಆಪರೇಷನ್ ಬೇಡವಾಗಿತ್ತು. ಸಣ್ಣ ಮಕ್ಕಳಲ್ಲಿ ಈ ಮುರಿತ ಹೆಚ್ಚಾಗಿ ಮೆದು ಊಟ, ಬೇಗ ಶುರು ಮಾಡಿದ ವ್ಯಾಯಾಮ, ತಿಂಗಳುಗಟ್ಟಲೆ ಬಿಡದೆ ತೋರಿಸುವುದು, ಇಷ್ಟರಲ್ಲೇ ಸರಿಯಾಗುತ್ತದೆ. ಈಗ ಗದ್ದ ಒಡೆದ ಮಗು ಬಂದರೆ ಹೊಲಿಗೆಗೆ ಮೊದಲು ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸುತ್ತೇನೆ. ಗದ್ದ ಒಂದು ಬದಿಗೆ ವಾಲಿದರೆ ಆ ಬದಿಯ ಕೀಲಿನ ಮೇಲೆ ಸಂಶಯ.

ದೊಡ್ಡವರದ್ದು ಹೆಚ್ಚಾಗಿ ಬೈಕು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಅಗಲ ಮಾಡುತ್ತಿದ್ದ ದಿನಗಳಲ್ಲಿ ಜಲ್ಲಿಯಲ್ಲಿ ಜಾರಿ ಬಿದ್ದವರನ್ನು ಜಾಸ್ತಿ ನೋಡಿದೆ. ತಲೆಯಲ್ಲಿ ಹೆಲ್ಮೆಟ್ ಇತ್ತು, ಆದರೆ ಗದ್ದ ಮುಚ್ಚದ ಅರ್ಧ ಹೆಲ್ಮೆಟ್. ತಲೆ ಉಳಿಯಿತು, ದವಡೆ ಎರಡು ಕಡೆ ಮುರಿಯಿತು. ಎರಡೂ ಬದಿ ಮುರಿದರೆ ನಾಲಿಗೆಗೆ ಮುಂದಿನ ಆಧಾರವೇ ಹೋಗುತ್ತದೆ, ಅಂಗಾತ ಮಲಗಿಸಿದರೆ ಅದು ಹಿಂದೆ ಬಿದ್ದು ಉಸಿರು ಕಟ್ಟಬಹುದು. ಎಚ್ಚರ ಇದ್ದು ಕುತ್ತಿಗೆಗೆ ಪೆಟ್ಟಿಲ್ಲದಿದ್ದರೆ ಮುಂದಕ್ಕೆ ಬಾಗಿ ಕೂರಲಿ, ರಕ್ತ ಹೊರಗೆ ಹೋಗಲಿ. ದಯವಿಟ್ಟು ಗಾಯಕ್ಕೆ ಕಾಫಿ ಪುಡಿ ತುಂಬಬೇಡಿ. ಅದನ್ನು ಕಣಕಣವಾಗಿ ತೊಳೆದು ತೆಗೆಯದಿದ್ದರೆ ಚರ್ಮದ ಒಳಗೆ ಕಪ್ಪು ಕಲೆ ಉಳಿಯುತ್ತದೆ, ಕೀವೂ ಆಗುತ್ತದೆ. ಶುಭ್ರ ಬಟ್ಟೆ ಒತ್ತಿ ಹಿಡಿದರೆ ಸಾಕು.

ಆಪರೇಷನ್‌ನಲ್ಲೂ ನಾನು ಮೂಳೆಗಿಂತ ಮೊದಲು ಹಲ್ಲು ಕೂಡಿಸುತ್ತೇನೆ. ಮೇಲಿನ, ಕೆಳಗಿನ ಹಲ್ಲಿಗೆ ಲೋಹದ ಪಟ್ಟಿ ಕಟ್ಟಿ, ತಂತಿಯಿಂದ ಬಿಗಿದು, ಕಚ್ಚುವುದು ಸರಿಯಾದ ಮೇಲೆ ಬಾಯಿಯ ಒಳಗಿನಿಂದಲೇ ಕೊಯ್ದು ಸಣ್ಣ ಟೈಟಾನಿಯಂ ಪ್ಲೇಟ್, ಸ್ಕ್ರೂ ಹಾಕುವುದು. ಹಾಗಾಗಿ ಹೆಚ್ಚಿನವರಿಗೆ ಮುಖದ ಹೊರಗೆ ಕಲೆ ಇರುವುದಿಲ್ಲ. ನಮ್ಮೂರಲ್ಲಿ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ. "ಗಲ್ಫಿಗೆ ಹೋಗುವಾಗ ಏರ್‌ಪೋರ್ಟಿನಲ್ಲಿ ಬೀಪ್ ಆಗ್ತದಾ?" ಇಷ್ಟು ಸಣ್ಣ ಪ್ಲೇಟಿಗೆ ಸಾಮಾನ್ಯವಾಗಿ ಆಗುವುದಿಲ್ಲ.

2020ರಲ್ಲಿ ಲಾಕ್‌ಡೌನಿಗೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಒಬ್ಬರನ್ನು ಮಂಗಳೂರಿಗೆ ಕಳಿಸಲಾಗದೆ ಬರೀ ತಂತಿಯಲ್ಲೇ ಐದು ವಾರ ಬಾಯಿ ಕಟ್ಟಿಟ್ಟೆ. ಅವರ ಹೆಂಡತಿ ಕುಚ್ಚಲಕ್ಕಿ ಗಂಜಿ ನುಣ್ಣಗೆ ಅರೆದು ಸೋಸಿ, ತಂಬುಳಿ, ರಾಗಿ ಅಂಬಲಿ ಹೀಗೆ ಸಿರಿಂಜಿನಲ್ಲಿ ಕೊಟ್ಟು ಸಾಕಿದರು. ಬಾಯಿ ಕಟ್ಟಿದ ಯಾರನ್ನೂ ತಂತಿ ಕತ್ತರಿಸುವ ಕಟ್ಟರ್ ಕೈಗೆ ಕೊಡದೆ ಮನೆಗೆ ಕಳಿಸುವುದಿಲ್ಲ. ವಾಂತಿ ಬಂದರೆ ಮುಂದಕ್ಕೆ ಬಾಗಬೇಕು, ಉಸಿರು ಕಟ್ಟಿದರೆ ಯಾವ ತಂತಿ ಕತ್ತರಿಸಬೇಕು ಎಂದು ಮನೆಯವರಿಗೆ ತೋರಿಸಿ, ಅವರಿಂದಲೇ ಹೇಳಿಸಿ ಕಳಿಸುತ್ತೇನೆ.

ಇನ್ನು ಬುಡಸಮೇತ ಕಿತ್ತು ಬಿದ್ದ ಹಲ್ಲು. ಬದಿಯಡ್ಕ ಕಡೆಯಿಂದ ಒಬ್ಬ ಅಪ್ಪ ಫೋನ್ ಮಾಡಿದ್ದರು, ಹತ್ತು ವರ್ಷದ ಮಗ, ಸೈಕಲ್ಲು, ಮುಂದಿನ ಹಲ್ಲು. "ಬೇರು ಮುಟ್ಟಬೇಡಿ, ಬಿಳಿ ಭಾಗ ಹಿಡಿದು ನೀರಲ್ಲಿ ಒಂದು ಸಲ ತೊಳೆದು, ಇದ್ದ ಜಾಗದಲ್ಲೇ ಕೂರಿಸಿ" ಎಂದೆ. ಅವರಿಗೆ ಕೈ ನಡುಗುತ್ತಿತ್ತು. ಹಾಗಾದರೆ ತಣ್ಣನೆಯ ಹಾಲಿನಲ್ಲಿ ಹಾಕಿ ತನ್ನಿ ಎಂದೆ. ನಲವತ್ತು ನಿಮಿಷದಲ್ಲಿ ಸ್ಟೀಲ್ ಲೋಟ ಹಿಡಿದುಕೊಂಡು ಬಂದರು. ಕೂರಿಸಿ ಎರಡು ವಾರ ಪಕ್ಕದ ಹಲ್ಲಿಗೆ ತಂತಿ ಅಂಟಿಸಿದೆ, ಅದೇ ಎರಡು ವಾರದೊಳಗೆ ಬೇರು ಚಿಕಿತ್ಸೆ (ರೂಟ್ ಕೆನಾಲ್) ಶುರು. ಬೇರು ನಿಧಾನವಾಗಿ ಕರಗುವುದೂ ಉಂಟು, ಅದಕ್ಕೇ ಈಗಲೂ ಬಂದು ತೋರಿಸುತ್ತಾರೆ. ಹಾಲುಹಲ್ಲಾದರೆ ಮಾತ್ರ ತಿರುಗಿ ಕೂರಿಸಬಾರದು, ಒಳಗಿರುವ ಹೊಸ ಹಲ್ಲಿಗೆ ತೊಂದರೆ.

ಆ ಹುಡುಗ ಈಗ ಕಬಡ್ಡಿ ಆಡುತ್ತಾನೆ. ಅಚ್ಚು ತೆಗೆದು ಅವನ ಹಲ್ಲಿಗೆ ಸರಿಯಾದ ಮೌತ್‌ಗಾರ್ಡ್ ಮಾಡಿಕೊಟ್ಟಿದ್ದೇನೆ. ಹಲ್ಲು ಇನ್ನೂ ಬರುತ್ತಿರುವ ವಯಸ್ಸು, ಪ್ರತಿ ವರ್ಷ ಹೊಸದು ಬೇಕಾಗುತ್ತದೆ. ಕಳೆದ ಸಲ ಬಂದಾಗ ತಂಡದ ಇನ್ನೂ ನಾಲ್ಕು ಮಕ್ಕಳನ್ನು ಕರೆದುಕೊಂಡು ಬಂದಿದ್ದ.