ಲಿನಕ್ಸ್‌ನಲ್ಲಿ ವಿಂಡೋಸ್‌ನ ಡಿ ಡ್ರೈವ್: ನಾನು ಬಳಸುವ ರೀತಿ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಲಿನಕ್ಸೂ ಇಟ್ಟುಕೊಳ್ಳಲು ನಮ್ಮ ಶಿರಸಿ ಕಡೆ ಕಾರಣ ಹೆಚ್ಚಾಗಿ ಎರಡು: ಟ್ಯಾಲಿ ಮತ್ತು ನುಡಿ. ಅಡಿಕೆ ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿ, ಹಳೆಯ ಆಮಂತ್ರಣ ಪತ್ರಿಕೆ, ಸಂಘದ ವರದಿಗಳೆಲ್ಲ ನುಡಿಯಲ್ಲಿ. ಉಳಿದ ಕೆಲಸವನ್ನು ನಾನು ಲಿನಕ್ಸ್‌ನಲ್ಲೇ ಮಾಡುತ್ತೇನೆ. ಎರಡೂ ಕಡೆ ಬೇಕಾಗುವ ಯಕ್ಷಗಾನದ ರೆಕಾರ್ಡಿಂಗ್, ಫೋಟೊ, ಕಾಗದಪತ್ರ ಡಿ ಡ್ರೈವಿನಲ್ಲಿವೆ. ಅದರ ಫಾರ್ಮ್ಯಾಟ್ ವಿಂಡೋಸ್‌ನದೇ ಆದ ಎನ್‌ಟಿಎಫ್‌ಎಸ್.

ಲಿನಕ್ಸ್ ಇದನ್ನು ಓದುತ್ತದೆಯೇ, ಬರೆಯುತ್ತದೆಯೇ ಎಂಬ ಅನುಮಾನದ ಕಾಲ ಹೋಯಿತು. ಎನ್‌ಟಿಎಫ್‌ಎಸ್-3ಜಿ ಎಂಬ ಡ್ರೈವರ್ 2007ರಿಂದ ಈ ಕೆಲಸ ಮಾಡುತ್ತಿದೆ. 2021ರ ಕರ್ನಲ್ (ಲಿನಕ್ಸ್‌ನ ತಿರುಳು) 5.15ರಿಂದ ಎನ್‌ಟಿಎಫ್‌ಎಸ್3 ಎಂಬ ಡ್ರೈವರ್ ಕರ್ನಲ್ ಒಳಗೇ ಬಂದಿದೆ. ಈಗ ಬರುವ ತಾಪತ್ರಯಗಳಲ್ಲಿ ಮುಕ್ಕಾಲು ಪಾಲಿಗೆ ಮೂಲ ಒಂದೇ: ವಿಂಡೋಸ್ ಇನ್ನೂ ಕೈಬಿಡದ ಡ್ರೈವಿಗೆ ಲಿನಕ್ಸ್‌ನಿಂದ ಕೈ ಹಾಕುವುದು.

ಹಾಗಾಗಿ ಮೊದಲ ಕೆಲಸ ವಿಂಡೋಸ್‌ನಲ್ಲೇ ಆಗಬೇಕು. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬುದೊಂದು ಇದೆ. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಕರ್ನಲ್ ಸ್ಥಿತಿಯನ್ನು ಹೈಬರ್‌ನೇಶನ್ ಫೈಲಿಗೆ ಬರೆದಿಟ್ಟು ಮಲಗುತ್ತದೆ. ಡ್ರೈವಿನ ಮೇಲೆ ಎಲ್ಲಿ ಏನಿದೆ ಎಂಬ ಲೆಕ್ಕವೂ ಆ ಫೈಲಿನ ಜೊತೆಗೇ ಉಳಿದಿರುತ್ತದೆ. ನಡುವೆ ಲಿನಕ್ಸ್ ಬಂದು ಹೊಸ ಫೈಲ್ ಬರೆದರೆ, ಎದ್ದ ವಿಂಡೋಸ್ ತನ್ನ ಹಳೆಯ ಲೆಕ್ಕವನ್ನೇ ನಂಬಿ ಅದರ ಮೇಲೆ ಬರೆದುಬಿಡಬಹುದು. ಇದೇ ಕಾರಣಕ್ಕೆ ಎನ್‌ಟಿಎಫ್‌ಎಸ್-3ಜಿ ಇಂಥ ಡ್ರೈವನ್ನು ಓದಲು ಮಾತ್ರ ತೆರೆಯುತ್ತದೆ. ಅದು ಸತಾಯಿಸುತ್ತಿಲ್ಲ, ನಿಮ್ಮ ಫೈಲುಗಳನ್ನು ಕಾಯುತ್ತಿದೆ.

ಪರಿಹಾರ ಸುಲಭ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ. (ಕಮಾಂಡುಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರದಲ್ಲಿ.) ಫಾಸ್ಟ್ ಸ್ಟಾರ್ಟಪ್, ಹೈಬರ್‌ನೇಶನ್ ಎರಡೂ ಹೋಗುತ್ತವೆ. ಸಿ ಡ್ರೈವಿನಲ್ಲಿ ಜಾಗವೂ ಸಿಗುತ್ತದೆ: ಆ ಫೈಲು ಸಾಮಾನ್ಯವಾಗಿ ರ್‍ಯಾಮಿನ ಶೇ. 40ರಷ್ಟು ಇರುವುದರಿಂದ 8 ಜಿಬಿಗೆ ಸುಮಾರು 3.2 ಜಿಬಿ. ಬೇರೆಯವರ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಬದಲಿಸುವುದು ಬೇಡವೆನಿಸಿದರೆ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ, ಇಲ್ಲವೇ ರೀಸ್ಟಾರ್ಟ್ ಮಾಡಿ ಲಿನಕ್ಸ್‌ಗೆ ಬನ್ನಿ. ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ದೊಡ್ಡ ಅಪ್‌ಡೇಟ್ ಬಂದುಹೋದ ಮೇಲೆ ಈ ಸೆಟ್ಟಿಂಗನ್ನು ಮತ್ತೊಮ್ಮೆ ನೋಡಿಕೊಳ್ಳುವುದು ನನ್ನ ರೂಢಿ.

ಲಿನಕ್ಸ್‌ಗೆ ಬಂದ ಮೇಲೆ ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಡಿ. ಯಾವ ಪಾರ್ಟಿಶನ್ನಿನ ಫಾರ್ಮ್ಯಾಟ್ ಏನು, ಲೇಬಲ್ ಏನು, ಯುಯುಐಡಿ (ಅದರ ಗುರುತಿನ ಸಂಖ್ಯೆ) ಏನು ಎಂಬುದೆಲ್ಲ ಒಂದೇ ಕಡೆ ಕಾಣುತ್ತದೆ. ಎನ್‌ಟಿಎಫ್‌ಎಸ್ ಯುಯುಐಡಿ ನಡುವೆ ಅಡ್ಡಗೆರೆಯಿಲ್ಲದ 16 ಅಕ್ಷರಗಳದ್ದು. ಎನ್‌ಟಿಎಫ್‌ಎಸ್ ಇರಬೇಕಾದಲ್ಲಿ ‘ಬಿಟ್‌ಲಾಕರ್’ ಎಂದು ಕಂಡರೆ ಡ್ರೈವ್ ಎನ್‌ಕ್ರಿಪ್ಟ್ ಆಗಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಮಾಲೀಕರಿಗೇ ಗೊತ್ತಿಲ್ಲದೆ ಇದು ಆಗಿರುತ್ತದೆ. ಲಿನಕ್ಸ್‌ನ ಎನ್‌ಕ್ರಿಪ್ಶನ್ ಸಾಧನ ಕ್ರಿಪ್ಟ್‌ಸೆಟಪ್‌ನ 2.3 ಮತ್ತು ನಂತರದ ಆವೃತ್ತಿಗಳು ‘ಬಿಐಟಿಎಲ್‌ಕೆ’ ವಿಧದಲ್ಲಿ ಅದನ್ನು ತೆರೆಯುತ್ತವೆ, ಆದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿರಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಮಾತು.

ಫೈಲ್ ಮ್ಯಾನೇಜರಿನಲ್ಲಿ ಕ್ಲಿಕ್ ಮಾಡಿದರೂ ಡ್ರೈವ್ ತೆರೆಯುತ್ತದೆ. ಆದರೆ ಫೋಟೊ ಜೋಡಿಸುವ ಪ್ರೋಗ್ರಾಂ, ಬ್ಯಾಕಪ್ ಇವಕ್ಕೆಲ್ಲ ಎಂದೂ ಬದಲಾಗದ ವಿಳಾಸ ಬೇಕು. ಅದಕ್ಕೆ ‘ಇಟಿಸಿ’ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಎಂಬ ಫೈಲಿನಲ್ಲಿ (ಯಾವ ಡ್ರೈವ್ ಎಲ್ಲಿ ತೆರೆಯಬೇಕೆಂಬ ಪಟ್ಟಿ ಅದು) ಒಂದು ಸಾಲು ಸೇರಿಸಬೇಕು. ಮೊದಲ ಕಾಲಮ್ಮಿನಲ್ಲಿ ಯುಯುಐಡಿ (ಇದು ಮಾತ್ರ ದೊಡ್ಡಕ್ಷರ), ಎರಡನೆಯದರಲ್ಲಿ ‘/ಎಂಎನ್‌ಟಿ/ಡೇಟಾ’ದಂತಹ ಖಾಲಿ ಫೋಲ್ಡರ್, ಮೂರನೆಯದರಲ್ಲಿ ‘ಎನ್‌ಟಿಎಫ್‌ಎಸ್-3ಜಿ’, ನಾಲ್ಕನೆಯದರಲ್ಲಿ ಆಯ್ಕೆಗಳು, ಕೊನೆಯ ಎರಡರಲ್ಲಿ ಸೊನ್ನೆ. ನನ್ನ ಆಯ್ಕೆಗಳು ಇವು: ‘ಯುಐಡಿ=1000,ಜಿಐಡಿ=1000,ಡಿಮಾಸ್ಕ್=022,ಎಫ್‌ಮಾಸ್ಕ್=133,ವಿಂಡೋಸ್_ನೇಮ್ಸ್,ನೋಫೇಲ್’. ಲಿನಕ್ಸ್‌ನಲ್ಲಿ ನಿಮ್ಮ ಬಳಕೆದಾರ ನಂಬರು 1000 ಹೌದೋ ಅಲ್ಲವೋ ಎಂದು ‘ಐಡಿ’ ಕಮಾಂಡಿನಿಂದ ನೋಡಿಕೊಳ್ಳಿ. ಮಾಸ್ಕ್ ಎರಡೂ ಸೇರಿ ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಅನುಮತಿ ಕೊಡುತ್ತವೆ, ಅಂದರೆ ಬರೆಯುವುದು ನೀವು ಮಾತ್ರ, ಉಳಿದವರು ಓದಬಹುದು. ಎಫ್‌ಮಾಸ್ಕ್ ಕೊಡದಿದ್ದರೆ ಪ್ರತಿ ಫೋಟೊವೂ ಓಡಿಸಬಹುದಾದ ಪ್ರೋಗ್ರಾಂ ಎಂಬಂತೆ ಹಸಿರು ಬಣ್ಣದಲ್ಲಿ ಕಾಣುತ್ತದೆ.

‘ನೋಫೇಲ್’ ಬಿಡಬೇಡಿ. ಅದಿಲ್ಲದಿದ್ದರೆ ಡ್ರೈವ್ ಸಿಗದ ದಿನ ಲಿನಕ್ಸ್ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತದೆ. ಸಾಲು ಬರೆದ ಮೇಲೆ ರೀಬೂಟ್ ಮಾಡಿ ಪರೀಕ್ಷಿಸಬೇಡಿ. ‘ಫೈಂಡ್‌ಎಂಎನ್‌ಟಿ --ವೆರಿಫೈ’, ಆಮೇಲೆ ‘ಮೌಂಟ್ -ಎ’ ಕೊಟ್ಟರೆ ತಪ್ಪು ಅಲ್ಲೇ ಗೊತ್ತಾಗುತ್ತದೆ. ಸಿ ಡ್ರೈವನ್ನೂ ಸೇರಿಸುವುದಾದರೆ ‘ಆರ್‌ಓ’ ಹಾಕಿ ಓದಲು ಮಾತ್ರ ಇಟ್ಟುಕೊಳ್ಳಿ. ನುಡಿಯ ಫಾಂಟುಗಳನ್ನು ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದ ತಂದು ‘ಎಫ್‌ಸಿ-ಕ್ಯಾಶ್ -ಎಫ್’ ಕೊಡುವುದಕ್ಕೆ ಅಷ್ಟು ಸಾಕು. ಅಲ್ಲಿ ಬರೆಯುವಂಥದ್ದು ನಮಗೆ ಏನೂ ಇಲ್ಲ.

ಎರಡು ಡ್ರೈವರುಗಳಲ್ಲಿ ವೇಗ ಬೇಕಾದವರಿಗೆ ಎನ್‌ಟಿಎಫ್‌ಎಸ್3. ನಾನಿನ್ನೂ 3ಜಿಯಲ್ಲೇ ಇದ್ದೇನೆ. ಕಾರಣ ನಮ್ಮ ಮಳೆಗಾಲ. ಜೂನ್‌ನಿಂದ ಗಾಳಿಮಳೆಗೆ ಲೈನಿನ ಮೇಲೆ ಮರ ಬೀಳುತ್ತಲೇ ಇರುತ್ತದೆ, ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಬರೆಯುತ್ತಿದ್ದಾಗ ಹಾಗಾದರೆ ಡ್ರೈವಿನ ಮೇಲೆ ‘ಡರ್ಟಿ’ (ಸರಿಯಾಗಿ ಮುಚ್ಚಿಲ್ಲ ಎಂಬ) ಗುರುತು ಉಳಿಯುತ್ತದೆ. ಎನ್‌ಟಿಎಫ್‌ಎಸ್3 ಆಗ ಬರೆಯಲು ಡ್ರೈವ್ ತೆರೆಯುವುದೇ ಇಲ್ಲ, ‘ಫೋರ್ಸ್’ ಕೊಡು ಎನ್ನುತ್ತದೆ. ಕೊಡಬೇಡಿ.

ಇಂಥ ಹೊತ್ತಿನಲ್ಲಿ ಎಲ್ಲರೂ ಓಡುವುದು ‘ಎನ್‌ಟಿಎಫ್‌ಎಸ್‌ಫಿಕ್ಸ್’ ಕಡೆಗೆ. ಹೆಸರು ಕೇಳಿ ಅದು ರಿಪೇರಿ ಮಾಡುತ್ತದೆ ಎಂದುಕೊಳ್ಳುತ್ತಾರೆ. ಅದು ಮಾಡುವುದು ಮೇಲುಮೇಲಿನ ಕೆಲವು ಸರಿಪಡಿಕೆ, ಜರ್ನಲ್ (ಬದಲಾವಣೆಗಳ ದಿನಚರಿ) ಖಾಲಿ ಮಾಡುವುದು, ಮುಂದಿನ ಸಲ ವಿಂಡೋಸ್ ತಪಾಸಣೆ ನಡೆಸುವಂತೆ ಗುರುತು ಹಾಕುವುದು, ಅಷ್ಟೇ. ‘-ಡಿ’ ಸೇರಿಸಿದರೆ ಡರ್ಟಿ ಗುರುತನ್ನೂ ಅಳಿಸುತ್ತದೆ. ಗಾಯ ಹಾಗೆಯೇ ಇದ್ದು ಪಟ್ಟಿ ಮಾತ್ರ ಬಿಚ್ಚಿದಂತೆ. ಸರಿಯಾದ ದಾರಿಯೆಂದರೆ ವಿಂಡೋಸ್‌ಗೆ ಹೋಗಿ ‘ಸಿಎಚ್‌ಕೆಡಿಎಸ್‌ಕೆ ಡಿ: /ಎಫ್’ ಓಡಿಸುವುದು. ವಿಂಡೋಸ್ ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ಪಕ್ಕದವರ ಕಂಪ್ಯೂಟರಿಗೆ ಹಾಕಿಯಾದರೂ ಮಾಡಿಸಿ.

ಅದಕ್ಕೂ ಮುಂಚೆ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ಪೆಂಡಿಂಗ್ ಸೆಕ್ಟರ್ (ಓದಲು ತೊಡಕಾಗುತ್ತಿರುವ ಜಾಗ) ಎಷ್ಟಿದೆ ನೋಡಿ. ಸೊನ್ನೆ ಅಲ್ಲದಿದ್ದರೆ ಡಿಸ್ಕೇ ಸಾಯುತ್ತಿರಬಹುದು. ಮೊದಲು ಡಿಡಿರೆಸ್ಕ್ಯೂನಿಂದ ನಕಲು ತೆಗೆದುಕೊಂಡು, ರಿಪೇರಿಯನ್ನು ಆ ನಕಲಿನ ಮೇಲೆ ಮಾಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಅದೇ ವಿಂಡೋಸ್ ತಪಾಸಣೆಗೆ ‘/ಆರ್’ ಹಾಕಿ ಗಂಟೆಗಟ್ಟಲೆ ಉಜ್ಜಿದರೆ ಉಳಿದದ್ದೂ ಹೋಗುತ್ತದೆ.

ಹೊರಗಿನ ಯುಎಸ್‌ಬಿ ಡಿಸ್ಕಿನದು ಬೇರೆಯೇ ಗೋಳು. ರಾತ್ರಿಯಿಡೀ ನಡೆದ ಯಕ್ಷಗಾನ ಆಟದ ವಿಡಿಯೊ ಒಂದೇ ಫೈಲಾಗಿ 8-10 ಜಿಬಿ ಆದರೆ ಫ್ಯಾಟ್32 ಪೆನ್‌ಡ್ರೈವಿಗೆ ಹೋಗುವುದಿಲ್ಲ, ಅದರ ಮಿತಿ ಫೈಲಿಗೆ 4 ಜಿಬಿ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಬೇಕು. ಕಾಪಿಯ ಪಟ್ಟಿ ನೂರಕ್ಕೆ ಮುಟ್ಟಿತೆಂದು ಕೇಬಲ್ ಕೀಳಬೇಡಿ. ಲಿನಕ್ಸ್ ಬರೆಯಬೇಕಾದ್ದನ್ನು ರ್‍ಯಾಮಿನಲ್ಲಿಟ್ಟು ನಿಧಾನಕ್ಕೆ ಡಿಸ್ಕಿಗೆ ಇಳಿಸುತ್ತದೆ. ‘/ಪ್ರಾಕ್/ಮೆಮ್‌ಇನ್ಫೊ’ದ ‘ಡರ್ಟಿ’ ಸಾಲು ನೋಡುತ್ತಿದ್ದರೆ ನೂರಾರು ಎಂಬಿ ಇನ್ನೂ ಇಳಿಯುತ್ತಿರುವುದು ಕಾಣುತ್ತದೆ. ‘ಸಿಂಕ್’ ಕೊಟ್ಟು ಪ್ರಾಂಪ್ಟ್ ವಾಪಸು ಬರುವವರೆಗೆ ಕಾದು, ಅನ್‌ಮೌಂಟ್ ಮಾಡಿಯೇ (ಲಿನಕ್ಸ್‌ನಿಂದ ಡ್ರೈವ್ ಬಿಡಿಸಿಯೇ) ತೆಗೆಯಿರಿ. ಕಾರವಾರ, ಅಂಕೋಲೆಯ ಉಪ್ಪುಗಾಳಿಗೆ ಯುಎಸ್‌ಬಿ ಮೂತಿ ಕಿಲುಬು ಹಿಡಿದು ನಡುವೆ ತಾನೇ ಸಂಪರ್ಕ ತಪ್ಪುವುದೂ ಉಂಟು. ‘ಡಿಮೆಸೆಜ್’ನಲ್ಲಿ ‘ಯುಎಸ್‌ಬಿ ಡಿಸ್‌ಕನೆಕ್ಟ್’ ಎಂದು ಪದೇಪದೇ ಬಂದರೆ ಡ್ರೈವರನ್ನು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಮಾತ್ರ ಬರುವ ತೊಡಕೊಂದಿದೆ. ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿನ ಮಿತಿ 255 ಯುಟಿಎಫ್-16 ಘಟಕ (ಕನ್ನಡದ ಒಂದು ಸಂಕೇತಕ್ಕೆ ಒಂದು), ಲಿನಕ್ಸ್‌ನ ಎಕ್ಸ್‌ಟಿ4ನಲ್ಲಿ 255 ಬೈಟ್. ಇಂಗ್ಲಿಷಿಗೆ ಎರಡೂ ಒಂದೇ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಲಿನಕ್ಸ್ ಹೆಸರು ಬರೆಯುವ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ‘ಯಕ್ಷಗಾನ’ ಕಣ್ಣಿಗೆ 4 ಅಕ್ಷರ, ಒಳಗೆ 7 ಸಂಕೇತ, ಅಂದರೆ 21 ಬೈಟ್. ಹೀಗೆ ಎಕ್ಸ್‌ಟಿ4ನಲ್ಲಿ ಹಿಡಿಸುವುದು 85 ಸಂಕೇತ. ಪ್ರಸಂಗ, ಭಾಗವತರು, ಮೇಳ, ಊರು, ತಾರೀಕು ಎಲ್ಲವನ್ನೂ ಹೆಸರಿನಲ್ಲೇ ತುಂಬಿದ ಫೈಲು ಡಿ ಡ್ರೈವಿನಲ್ಲಿ ಆರಾಮಾಗಿರುತ್ತದೆ, ಹೋಮ್ ಫೋಲ್ಡರಿಗೆ ಕಾಪಿ ಮಾಡಿದರೆ ‘ಫೈಲ್ ನೇಮ್ ಟೂ ಲಾಂಗ್’ ಎಂದು ನಿಲ್ಲುತ್ತದೆ. ಊರು, ತಾರೀಕನ್ನು ಫೋಲ್ಡರಿನ ಹೆಸರಿಗೆ ಸಾಗಿಸಿದರೆ ಮುಗಿಯಿತು.

ಒಂದೇ ಥರ ಕಾಣುವ ಎರಡು ಫೈಲುಗಳಿದ್ದರೆ ಒಂದರಲ್ಲಿ ಒತ್ತಕ್ಷರ ಬಿಡಿಸುವ ಅದೃಶ್ಯ ಸಂಕೇತ ಸೇರಿಕೊಂಡಿರಬಹುದು. ಹೆಸರನ್ನು ಬೈಟುಗಳಾಗಿ ತೋರಿಸುವ ‘ಎಕ್ಸ್‌ಎಕ್ಸ್‌ಡಿ’ಗೆ ಕೊಟ್ಟರೆ ‘ಇ2 80 8ಸಿ’ ಎಂದು ಸಿಕ್ಕಿಬೀಳುತ್ತದೆ. ಇನ್ನು ಹೆಸರಿನಲ್ಲಿ ‘10:30’ ಎಂದು ಕೋಲನ್ ಹಾಕಿದರೆ ವಿಂಡೋಸ್ ಆ ಫೈಲನ್ನು ತೆರೆಯಲಾರದು. ‘ವಿಂಡೋಸ್_ನೇಮ್ಸ್’ ಹಾಕಿದ್ದು ಇಂಥದ್ದನ್ನು ಹುಟ್ಟುವಾಗಲೇ ತಡೆಯಲಿಕ್ಕೆ.

ಎರಡೂ ಸಿಸ್ಟಮ್ಮುಗಳ ನಡುವೆ ಗಡಿಯಾರ ಐದೂವರೆ ಗಂಟೆ ಆಚೀಚೆ ಆಗುತ್ತಿದ್ದರೆ ಲಿನಕ್ಸ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಡಿ. ಗಡಿಯಾರ ತಪ್ಪಿದರೆ ಯಾವ ಫೈಲು ಹೊಸದು ಎಂಬ ಬ್ಯಾಕಪ್ಪಿನ ಲೆಕ್ಕವೂ ತಪ್ಪುತ್ತದೆ. ಬ್ಯಾಕಪ್ಪಿಗೆ ಆರ್‌ಸಿಂಕ್ ಬಳಸುವಾಗ ರೂಢಿಯ ‘-ಎ’ ಬಿಟ್ಟು ‘-ಆರ್‌ಟಿವಿ’ ಕೊಡಿ. ಲಿನಕ್ಸ್‌ನ ಮಾಲೀಕತ್ವ, ಅನುಮತಿಗಳನ್ನು ಮೇಲಿನ ಆಯ್ಕೆಗಳಲ್ಲಿ ತೆರೆದ ಡ್ರೈವ್ ಉಳಿಸಿಕೊಳ್ಳುವುದಿಲ್ಲ, ‘-ಎ’ ಕೊಟ್ಟರೂ ಪ್ರಯೋಜನವಿಲ್ಲ. ಇದೇ ಕಾರಣಕ್ಕೆ ಹೋಮ್ ಫೋಲ್ಡರ್, ಪೈಥಾನ್ ಪರಿಸರ, ಸ್ಕ್ರಿಪ್ಟುಗಳನ್ನು ಡಿ ಡ್ರೈವಿನಲ್ಲಿ ಇಡುವುದಿಲ್ಲ. ಅಲ್ಲಿ ವಿಡಿಯೊ, ಫೋಟೊ, ಕಾಗದಪತ್ರ ಮಾತ್ರ.