ತರ್ಹೀಲ್‌ನಲ್ಲಿರುವ ಮನೆಯವರಿಗೆ ಕಲಬುರಗಿಯಿಂದಲೇ ಧೈರ್ಯ ಕೊಡುವುದು ಹೇಗೆ

ಸೌದಿಗೆ ದುಡಿಯಲು ಹೋದ ಮಗ ತರ್ಹೀಲ್‌ನಲ್ಲಿ, ಅಂದರೆ ಗಡೀಪಾರು ಮಾಡುವವರನ್ನು ಹಿಡಿದಿಡುವ ಕೇಂದ್ರದಲ್ಲಿ ಇದ್ದಾನೆ ಅಂತ ಫೋನ್ ಬಂದಾಗ ಕಲಬುರಗಿ, ಬೀದರ್ ಕಡೆಯ ಮನೆಗಳಲ್ಲಿ ಮೊದಲು ಏಳುವ ಮಾತು, "ಏನು ತಪ್ಪು ಮಾಡಿದ?" ಆ ಮಾತು ಅವನ ಕಿವಿಗೆ ಬೀಳದಿರಲಿ. ಅಲ್ಲಿ ಇರಲು ಕೊಡುವ ಪರವಾನಗಿ, ಇಕಾಮಾ, ಮುಗಿದಿರಬಹುದು. ಸಂಬಳ ಕೊಡದ ಕಫೀಲ್‌ನನ್ನು (ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕನನ್ನು) ಬಿಟ್ಟು ಬೇರೆ ಕಡೆ ಕೆಲಸಕ್ಕೆ ಹೋಗಿದ್ದಕ್ಕೆ ಆ ಕಫೀಲ್ ಹುರೂಬ್, ಅಂದರೆ ಕೆಲಸ ಬಿಟ್ಟು ಓಡಿಹೋದ ಅಂತ ದೂರು, ಹಾಕಿಸಿರಬಹುದು. ದೇಶದಿಂದ ವಾಪಸ್ ಕಳಿಸುವ ತನಕ ತರ್ಹೀಲ್‌ನಲ್ಲೇ ಇಡುತ್ತಾರೆ, ಎಷ್ಟು ದಿನ ಅಂತ ಯಾರೂ ಹೇಳಲ್ಲ. ಮನಸ್ಸನ್ನು ಜಾಸ್ತಿ ಕೊರೆಯುವುದು ಇದೇ.

ಹಾಗಾಗಿ ಸುಳ್ಳು ತಾರೀಖು ಕೊಡಬೇಡಿ. "ಬರೋ ಶುಕ್ರವಾರ ಬಂದೇ ಬರ್ತೀಯಾ" ಅಂತ ಪ್ರೀತಿಯಿಂದಲೇ ಹೇಳಿರುತ್ತೀರಿ, ಆದರೆ ಆ ಶುಕ್ರವಾರ ಸುಮ್ನೆ ಕಳೆದು ಹೋದಾಗ ಅವನು ಇನ್ನಷ್ಟು ಕುಸಿಯುತ್ತಾನೆ, ನಿಮ್ಮ ಮಾತಿನ ಮೇಲಿದ್ದ ನಂಬಿಕೆಯೂ ಹೋಗುತ್ತದೆ. ಇವತ್ತು ಏನು ಮಾಡಿದಿರೋ ಅಷ್ಟನ್ನೇ ಹೇಳಿ.

ಒಳಗೆ ಫೋನ್ ಕಿತ್ತುಕೊಂಡಿದ್ದರೆ ಅವನು ಯಾರದ್ದೋ ನಂಬರಿನಿಂದ ಕರೆ ಮಾಡಬಹುದು. ಸೌದಿಯ ಕೋಡ್ 966ರಿಂದ ಶುರುವಾಗುವ ಗೊತ್ತಿಲ್ಲದ ನಂಬರ್ ಬಂದರೂ ಎತ್ತಿ. ಅವನಿಗೆ ಬಾಯಿಪಾಠ ಇರುವ ನಂಬರಿನ ಫೋನ್ ಸದಾ ಚಾರ್ಜ್ ಆಗಿರಲಿ, ಮನೆಯಲ್ಲಿ ಒಬ್ಬರು ಅದರ ಜವಾಬ್ದಾರಿ ಹೊರಲಿ. ಎರಡು ನಿಮಿಷ ಸಿಕ್ಕರೆ ಹತ್ತು ಜನ ಫೋನ್ ಕಸಿದುಕೊಳ್ಳುವುದು ಬೇಡ. ಅವ್ವ ಅತ್ತರೆ ಅಳಲಿ ಬಿಡಿ, ಅದರಿಂದ ಏನೂ ಕೆಡಲ್ಲ. ಆದರೆ ಏಜೆಂಟನಿಗೆ ಕೊಟ್ಟ ಸಾಲ, ಬಡ್ಡಿ, ಊರವರ ಮಾತು ನೀವಾಗಿ ತೆಗೆಯಬೇಡಿ. ರಾತ್ರಿಯಿಡೀ ಅವನು ಎಣಿಸುತ್ತಿರುವುದು ಅದನ್ನೇ ಅಲ್ವಾ? ತೊಗರಿ ಹೂ ಬಿಟ್ಟಿದ್ದು, ಮಗಳು ಶಾಲೆಯಲ್ಲಿ ಬರೆದ ಚಿತ್ರ, ಇವತ್ತು ರೊಟ್ಟಿ ಜೊತೆ ಏನು ಪಲ್ಯ, ಇಂಥದ್ದು ಹೇಳಿ.

ಕಾಗದಪತ್ರದ ಕೆಲಸವೂ ಮನಸ್ಸಿಗೆ ಔಷಧಿಯೇ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ, ಸಿಕ್ಕ ನಂಬರನ್ನು ಅವನಿಗೂ ಓದಿ ಹೇಳಿ. ತನ್ನ ಹೆಸರು ಎಲ್ಲೋ ಒಂದು ಕಡೆ ದಾಖಲಾಗಿದೆ ಅನ್ನುವುದೇ ದೊಡ್ಡ ಆಸರೆ. ರಿಯಾದ್‌ನಲ್ಲಿ ನಮ್ಮ ರಾಯಭಾರ ಕಚೇರಿ, ಜೆಡ್ಡಾದಲ್ಲಿ ಕಾನ್ಸುಲೇಟ್ ಇವೆ. ಪಾಸ್‌ಪೋರ್ಟ್ ಕಫೀಲ್ ಬಳಿಯೇ ಉಳಿದಿದ್ದರೆ ಔಟ್‌ಪಾಸ್, ಅಂದರೆ ಪಾಸ್‌ಪೋರ್ಟ್ ಬದಲು ಊರಿಗೆ ಬರಲು ನಮ್ಮ ರಾಯಭಾರ ಕಚೇರಿ ಕೊಡುವ ಕಾಗದ, ಬೇಕಾಗುತ್ತದೆ. ಅದಕ್ಕೆ ಅವನು ಭಾರತದವನೇ ಅಂತ ಖಾತ್ರಿಯಾಗಬೇಕು, ಹಳೆಯ ಪಾಸ್‌ಪೋರ್ಟ್ ಜೆರಾಕ್ಸ್, ಆಧಾರ್ ಇವತ್ತೇ ಹುಡುಕಿಡಿ. ಬಂಧನದಲ್ಲಿರುವ ವಿದೇಶಿಗ ತನ್ನ ದೇಶದ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳಬಹುದು, 1963ರ ವಿಯೆನ್ನಾ ಒಪ್ಪಂದ ಆ ಹಕ್ಕು ಕೊಟ್ಟಿದೆ. ಇದನ್ನು ಅವನಿಗೆ ಹೇಳಿ.

ಮಾತು ಕಡಿಮೆಯಾಗಿದೆಯಾ, ನಿದ್ದೆ ಊಟ ಬಿಟ್ಟಿದ್ದಾನಾ, "ನಾನು ನಿಮಗೆ ಭಾರ" ಅನ್ನುತ್ತಿದ್ದಾನಾ, ಗಮನ ಇಡಿ. ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ ಬೈಯಬೇಡಿ, ದೇವರ ಮೇಲೆ ಆಣೆ ಹಾಕಿಸಬೇಡಿ. ಪಕ್ಕದಲ್ಲಿರುವ ಕನ್ನಡ, ತೆಲುಗು ಅಥವಾ ಉರ್ದು ಮಾತಾಡುವ ಗೆಳೆಯನಿಗೆ ಫೋನ್ ಕೊಡಲು ಹೇಳಿ, ಇವನನ್ನು ಒಂಟಿಯಾಗಿ ಬಿಡಬೇಡ ಅಂತ ಬೇಡಿಕೊಳ್ಳಿ. ಡಾಕ್ಟರ್ ತುರ್ತಾಗಿ ಬೇಕು ಅಂತ ಅದೇ ದಿನ ಕಾನ್ಸುಲೇಟ್‌ಗೆ ಫೋನ್ ಮಾಡಿ, ಬರೆದೂ ಕಳಿಸಿ.

ಮನೆಯಲ್ಲಿ ಹೆಂಡತಿ ಇರುತ್ತಾಳೆ, ಅವಳನ್ನು ಯಾರೂ ಕೇಳುವುದೇ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವಳೇ ಕರೆ ಮಾಡಬಹುದು, ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ವಾಪಸ್ ಬರುವಾಗ ವಿಮಾನ ನಿಲ್ದಾಣಕ್ಕೆ ಒಬ್ಬಿಬ್ಬರು ಹೋದರೆ ಸಾಕು. ಅಲ್ಲೇನಾಯ್ತು ಅಂತ ಬಂದವರೆಲ್ಲ ಕೆದಕುವುದನ್ನು ತಡೆಯಿರಿ, ಅವನಾಗಿ ಹೇಳಿದಾಗ ಕೇಳಿ. ಕೆಲವು ವಾರ ಆದರೂ ಬೆಚ್ಚಿ ಏಳುತ್ತಿದ್ದರೆ, ಕುಡಿತ ಜಾಸ್ತಿಯಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಜೊತೆಗೆ ಹೋಗಿ. ಏಜೆಂಟನ ಮೇಲೆ ಕೇಸು ಹಾಕುವುದಿದ್ದರೆ ಉಚಿತ ಕಾನೂನು ನೆರವಿಗೆ 15100 ಇದೆ. ಆದರೆ ಅದಕ್ಕೆ ಅವನು ಮೊದಲು ನಾಲ್ಕು ರಾತ್ರಿ ಸರಿಯಾಗಿ ಮಲಗಲಿ.